ಸಾವಿರ ಡಾಲರಿನ ಗಾಳದ ಕೋಲು



ಉದ್ದ 9 ಅಡಿ, ತೂಕ ಸುಮಾರು 80 ಗ್ರಾಂ, ಬೆಲೆ ಸಾವಿರ ಡಾಲರು. ನಮ್ಮ ದುಡ್ಡಿನಲ್ಲಿ ಎಂಬತ್ತು ತೊಂಬತ್ತು ಸಾವಿರ ರೂಪಾಯಿ. ಮೀನು ಹಿಡಿಯುವ ಕೋಲಿನ ಮಾತು ಹೇಳುತ್ತಿದ್ದೇನೆ. ಅದೂ ಬರಿಯ ಕೋಲು. ರೀಲು ಬೇರೆ, ದಾರ ಬೇರೆ, ಕೊಕ್ಕೆ ಬೇರೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಫ್ಲೈ ಫಿಶಿಂಗ್ ಹುಚ್ಚಿನವರು ನಾಲ್ಕು ಜನ ಒಂದು ಕಡೆ ಸೇರಿದರೆ ಸ್ವಲ್ಪ ಹೊತ್ತಿನಲ್ಲೇ ಈ ಬೆಲೆಯ ಜಗಳ ಶುರುವಾಗುತ್ತದೆ. ಯಾಕೆಂದರೆ ಇನ್ನೂರು ಡಾಲರಿಗೂ ಕೋಲು ಸಿಗುತ್ತದೆ. ಅದೂ ಒಂಬತ್ತಡಿಯೇ, ಅದೂ ಕಾರ್ಬನ್ ಫೈಬರಿನದೇ, ಅದಕ್ಕೂ ಮೀನು ಬೀಳುತ್ತದೆ. ಹಾಗಾದರೆ ಮಿಕ್ಕ ಎಂಟುನೂರು ಡಾಲರು ಯಾತಕ್ಕೆ ಕೊಡಬೇಕು? ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ಮೊದಲು ಈ ಆಟದ ಒಳಗುಟ್ಟು ಹೇಳಿಬಿಡಬೇಕು. ನಮ್ಮ ಕಡೆ ಹೊಳೆಯಲ್ಲಿ ಗಾಳ ಹಾಕುವ ಹುಡುಗರು ತಂಗೂಸಿ ದಾರಕ್ಕೆ ಕೊಕ್ಕೆ ಕಟ್ಟಿ, ಎರೆಹುಳ ಸಿಕ್ಕಿಸಿ, ಮೇಲೊಂದು ಸೀಸದ ಗುಂಡು ಕಟ್ಟಿ ಬೀಸಿ ಒಗೆಯುತ್ತಾರೆ. ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಕೋಲು ಬೇಲಿಯಿಂದ ಕಿತ್ತದ್ದಾದರೂ ನಡೆಯುತ್ತದೆ, ಕೋಲೇ ಇಲ್ಲದಿದ್ದರೂ ನಡೆಯುತ್ತದೆ. ಫ್ಲೈ ಫಿಶಿಂಗಿನಲ್ಲಿ ಕೊಕ್ಕೆಗೆ ಕಟ್ಟುವುದು ಹುಂಜದ ಕುತ್ತಿಗೆಯ ಪುಕ್ಕ, ಚೂರು ಮೊಲದ ಕೂದಲು, ನಾಲ್ಕು ಸುತ್ತು ನೂಲು. ನೀರಿನ ಮೇಲೆ ಬಂದು ಕೂರುವ ಹುಳದ ವೇಷ ಅದು. ಅದನ್ನೇ ಫ್ಲೈ ಅನ್ನುತ್ತಾರೆ. ಉಫ್ ಅಂದರೆ ಹಾರಿಹೋಗುವ ಅದನ್ನು ದೂರ ಒಗೆಯುವುದು ಹೇಗೆ? ಅದಕ್ಕೆ ಇಲ್ಲಿ ಭಾರವನ್ನು ದಾರಕ್ಕೇ ಕೊಟ್ಟಿದ್ದಾರೆ. ಪ್ಲಾಸ್ಟಿಕ್ ಹೊದಿಸಿದ, ಒಂದು ಮಿಲಿಮೀಟರಿನ ಆಸುಪಾಸು ದಪ್ಪದ ದಾರ. ಅದಕ್ಕೆ ನಂಬರುಗಳಿವೆ. ಟ್ರೌಟ್ ಮೀನಿಗೆ ಸಾಮಾನ್ಯವಾಗಿ ಬಳಸುವುದು ಐದನೇ ನಂಬರು. ಅದರ ಮೊದಲ 30 ಅಡಿಯ ತೂಕ 140 ಗ್ರೇನ್, ಅಂದರೆ 9 ಗ್ರಾಂ. ಚಿನ್ನದಂಗಡಿಯ ಹಳೆಯ ಲೆಕ್ಕದಲ್ಲಿ ಮುಕ್ಕಾಲು ತೊಲಕ್ಕಿಂತ ಒಂದಿಷ್ಟು ಜಾಸ್ತಿ.

ಈ ಮುಕ್ಕಾಲು ತೊಲದ ದಾರವನ್ನು ತಲೆಯ ಮೇಲಿಂದ ಹಿಂದಕ್ಕೆ ಬೀಸಬೇಕು. ಬೆನ್ನ ಹಿಂದೆ ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಮುಂದಕ್ಕೆ ತಂದು ಥಟ್ಟನೆ ನಿಲ್ಲಿಸಬೇಕು. ನಿಲ್ಲಿಸಿದಾಗ ಬಾಗಿದ್ದ ಕೋಲು ನೆಟ್ಟಗಾಗುತ್ತದೆ, ದಾರ ಗಾಳಿಯಲ್ಲಿ ಒಂದು ಮಡಿಕೆಯಾಗಿ ಉರುಳುತ್ತಾ ಹೋಗಿ ತುದಿಯ ಹುಳವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಕೋಲಿನ ತುದಿ ನೇರ ಗೆರೆಯಲ್ಲಿ ಸಾಗಿದರೆ ಮಡಿಕೆ ಕಿರಿದಾಗಿ, ಗಾಳಿ ಸೀಳಿಕೊಂಡು ಹೋಗುತ್ತದೆ. ತುದಿ ಕಮಾನು ಸುತ್ತಿದರೆ ಮಡಿಕೆ ಅಗಲವಾಗಿ, ನಡುದಾರಿಯಲ್ಲೇ ಕುಸಿದು ದಾರವೆಲ್ಲ ಗೋಜಲು. ನಾರ್ಮನ್ ಮೆಕ್ಲೀನ್ 1976ರಲ್ಲಿ ಪ್ರಕಟಿಸಿದ 'ಎ ರಿವರ್ ರನ್ಸ್ ಥ್ರೂ ಇಟ್' ಕಥೆಯಲ್ಲಿ ಪಾದ್ರಿಯಾದ ಅಪ್ಪ ತನ್ನ ಇಬ್ಬರು ಗಂಡುಮಕ್ಕಳಿಗೆ ಮೆಟ್ರೊನೋಮ್ ಎಂಬ ತಾಳದ ಯಂತ್ರ ಇಟ್ಟುಕೊಂಡು, ನಾಲ್ಕು ಎಣಿಕೆಯ ತಾಳದಲ್ಲಿ ಇದನ್ನು ಕಲಿಸುತ್ತಾನೆ. 1992ರಲ್ಲಿ ರಾಬರ್ಟ್ ರೆಡ್‌ಫರ್ಡ್ ಅದನ್ನು ಸಿನಿಮಾ ಮಾಡಿದ್ದೇ ತಡ, ಮೊಂಟಾನಾದ ಹೊಳೆಗಳಿಗೆ ಪೇಟೆಯ ಜನ ನುಗ್ಗಿದರು. ತಾಳ ಕಲಿಯುವ ಮೊದಲೇ ಕೋಲು ಕೊಂಡವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಕೋಲಿಗೆ ದುಡ್ಡು ಸುರಿಯುವ ಚಾಳಿ ಮಾತ್ರ ಸಿನಿಮಾದಿಂದ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಗ್ರೀನ್‌ಹಾರ್ಟ್ ಎಂಬ ದಕ್ಷಿಣ ಅಮೆರಿಕದ ಮರದಿಂದ ಕೋಲು ಮಾಡುತ್ತಿದ್ದರು. ಗಟ್ಟಿ, ಆದರೆ ಭಾರವೋ ಭಾರ. ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ ಎಂಬ ಊರಿನಲ್ಲಿ ಸ್ಯಾಮ್ಯುಯೆಲ್ ಫಿಲಿಪಿ ಎಂಬ ಬಂದೂಕು ಮಾಡುವವನು ಬಿದಿರನ್ನು ಸೀಳಿ ಮತ್ತೆ ಅಂಟಿಸಿ ಕೋಲು ಮಾಡಿದ. ಅವನ ನಂತರ 1870ರ ದಶಕದಲ್ಲಿ ಮೇಯ್ನ್ ರಾಜ್ಯದ ಹೈರಮ್ ಲೆನರ್ಡ್ ಆರು ಸೀಳಿನ ಕೋಲನ್ನು ಒಂದು ಹದಕ್ಕೆ ತಂದ. ಬಿದಿರಿನ ಹೊರಮೈಯ ಗಟ್ಟಿ ನಾರನ್ನಷ್ಟೇ ಉಳಿಸಿಕೊಂಡು, ಪ್ರತಿ ಸೀಳಿಗೂ ಅರವತ್ತು ಡಿಗ್ರಿಯ ಮೂಲೆ ಬರುವಂತೆ ಹತ್ತರಿ ಹೊಡೆದು, ಆರನ್ನೂ ಸೇರಿಸಿ ಅಂಟಿಸಿದರೆ ಆರು ಮುಖದ ಕೋಲು. ತುದಿಗೆ ಬರುವ ಹೊತ್ತಿಗೆ ಒಂದೊಂದು ಸೀಳೂ ಒಂದು ಮಿಲಿಮೀಟರಿಗಿಂತ ತೆಳ್ಳಗಿರುತ್ತದೆ. ಇವತ್ತಿಗೂ ಹೀಗೆ ಕೈಯಲ್ಲೇ ಮಾಡುವವರು ಅಲ್ಲಲ್ಲಿ ಇದ್ದಾರೆ. ಅವರ ಕೋಲಿನ ಬೆಲೆಯ ಮುಂದೆ ನಮ್ಮ ಸಾವಿರ ಡಾಲರು ಅಗ್ಗ ಅನ್ನಿಸೀತು.

ಆ ಕಾಲದ ಬಿದಿರು ಎಲ್ಲಿಂದ ಹೋಗುತ್ತಿತ್ತು ಅಂತೀರಿ? ನಮ್ಮ ದೇಶದಿಂದ. ಕಲ್ಕತ್ತೆಯ ಬಂದರಿನಲ್ಲಿ ಹಡಗು ಹತ್ತುತ್ತಿದ್ದುದರಿಂದ ಅದರ ಹೆಸರೇ ಕಲ್ಕತ್ತಾ ಬಿದಿರು. ಮೈಮೇಲೆ ಅಲ್ಲಲ್ಲಿ ಸುಟ್ಟ ಕಲೆಗಳಿರುತ್ತಿದ್ದ, ಗಟ್ಟಿ ಜಾತಿಯ ಬಿದಿರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಟೊಂಕಿನ್ ಬಿದಿರು ಬಂತು. ಗಂಟುಗಳು ದೂರ ದೂರ, ನಾರು ನೇರ. ಕಲ್ಕತ್ತೆಯ ಸರಕು ಮೂಲೆ ಸೇರಿತು. 1950ರಲ್ಲಿ ಕೊರಿಯಾ ಯುದ್ಧದ ಹೊತ್ತಿಗೆ ಅಮೆರಿಕ ಚೀನಾದ ಜೊತೆ ವ್ಯಾಪಾರವನ್ನೇ ನಿಲ್ಲಿಸಿತು, ಟೊಂಕಿನ್ ಬಿದಿರೂ ನಿಂತಿತು. ಅಷ್ಟರಲ್ಲಾಗಲೇ ಪೇಟೆಗೆ ಬಂದಿದ್ದ ಫೈಬರ್‌ಗ್ಲಾಸ್‌ಗೆ ರಾಜಯೋಗ. ಆಮೇಲೆ 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿ ಬಲವಾದ ಕಾರ್ಬನ್ ನಾರು ಮಾಡುವ ವಿಧಾನ ಸಿದ್ಧವಾಯಿತು. ಮುಂದಿನ ದಶಕದ ಮೊದಲರ್ಧದಲ್ಲೇ ಅಮೆರಿಕದ ಫೆನ್ವಿಕ್ ಕಂಪನಿ ಕಾರ್ಬನ್ ಕೋಲನ್ನು ಮಾರಾಟಕ್ಕಿಟ್ಟಿತು. ವಿಮಾನದ ರೆಕ್ಕೆಗೆ ಹುಡುಕಿದ ಸಾಮಾನು ಟ್ರೌಟ್ ಹಿಡಿಯಲು ಬಂತು.

ಕಾರ್ಬನ್ ಫೈಬರ್ ಅಂದ ಕೂಡಲೇ ಮಲೆನಾಡಿನ, ಕರಾವಳಿಯ ಅಡಿಕೆ ಬೆಳೆಗಾರರಿಗೆ ಬೇರೆ ವಿವರಣೆ ಬೇಕಿಲ್ಲ. ಕೊನೆ ಕೊಯ್ಯುವುದಕ್ಕೆ, ಬೋರ್ಡೋ ದ್ರಾವಣ ಹೊಡೆಯುವುದಕ್ಕೆ ಈಗ ಎಷ್ಟೋ ತೋಟಗಳಲ್ಲಿ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಅದಕ್ಕೂ ಹತ್ತಾರು ಸಾವಿರ ರೂಪಾಯಿ. ಹಿಂದೆ ಅಲ್ಯೂಮಿನಿಯಂ ದೋಟಿ ಎತ್ತಿದವರಿಗೆ ವ್ಯತ್ಯಾಸ ಗೊತ್ತು. ಐವತ್ತಡಿ ಮೇಲೆ ತುದಿ ಒಂದು ಕಡೆ ವಾಲಿತು ಅಂದರೆ ಕೆಳಗೆ ನಿಂತವನ ರಟ್ಟೆ ಬಿದ್ದುಹೋಗುತ್ತದೆ. ಗಾಳದ ಕೋಲಿನಲ್ಲೂ ಇದೇ ಲೆಕ್ಕ. ತಕ್ಕಡಿ ತೋರಿಸುವ ತೂಕ ಒಂದು, ಬೀಸುವಾಗ ಕೈಗೆ ಹತ್ತುವ ಭಾರ ಇನ್ನೊಂದು. ಹಿಡಿಯಿಂದ ದೂರ ಹೋದಷ್ಟೂ ಆ ಭಾರ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೂರಡಿ ದೂರದಲ್ಲಿರುವ ಒಂದು ಗ್ರಾಮನ್ನು ಒಂಬತ್ತಡಿ ದೂರಕ್ಕೆ ಸರಿಸಿದರೆ ಬೀಸುವ ಕೈಗೆ ಅದು ಒಂಬತ್ತು ಪಟ್ಟು.

ಅಗ್ಗದ ಕೋಲಿಗೂ ದುಬಾರಿ ಕೋಲಿಗೂ ತೂಕದಲ್ಲಿ ವ್ಯತ್ಯಾಸ ಇಪ್ಪತ್ತು ಮೂವತ್ತು ಗ್ರಾಂ. ಕೇಳಿದವರು ನಗುತ್ತಾರೆ, ಇಷ್ಟಕ್ಕೆ ಎಂಟುನೂರು ಡಾಲರೇ ಅಂತ. ಆ ಗ್ರಾಂಗಳು ಎಲ್ಲಿವೆ ಅಂತ ನೋಡಬೇಕು. ರೀಲು ಸಿಕ್ಕಿಸುವ ಬುಡದಲ್ಲಿದ್ದರೆ ಅವು ಲೆಕ್ಕಕ್ಕಿಲ್ಲ, ತುದಿಯ ಮೊಳದಲ್ಲಿದ್ದರೆ ಸಂಜೆಗೆ ಮಣಿಕಟ್ಟು ಬಾಯಿಬಿಟ್ಟು ಹೇಳುತ್ತದೆ. ಕಂಪನಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಅಚ್ಚಾಗುವುದು ಒಟ್ಟು ತೂಕ. ಹಿಡಿಯ ಕಾರ್ಕನ್ನು ಸಣ್ಣ ಮಾಡಿದರೂ ಆ ಅಂಕಿ ಇಳಿಯುತ್ತದೆ, ಬೀಸುವ ಕೈಗೆ ಅದರಿಂದ ಕಿಂಚಿತ್ತೂ ಲಾಭವಿಲ್ಲ. ಆದ್ದರಿಂದ ಪಟ್ಟಿಯಲ್ಲಿ ತೂಕ ನೋಡಿ ಕೋಲು ಕೊಳ್ಳಬೇಡಿ.

ದೋಟಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ಬಿಟ್ಟೆ, ಇನ್ನು ಭಯವಿಲ್ಲ ಅಂದುಕೊಂಡು ವಿದ್ಯುತ್ ತಂತಿಯ ಹತ್ತಿರ ದೋಟಿ ಎತ್ತಬೇಡಿ. ಗಾಳದ ಕೋಲಿನ ಜೊತೆಗೂ ಇದೇ ಎಚ್ಚರಿಕೆಯ ಚೀಟಿ ಬರುತ್ತದೆ.

ಈಗ ಕೋಲು ತಯಾರಾಗುವ ಜಾಗಕ್ಕೆ ಹೋಗೋಣ. ರಾಳ ಕುಡಿಸಿದ ಕಾರ್ಬನ್ ಬಟ್ಟೆ ಸುರುಳಿ ಸುರುಳಿಯಾಗಿ ಬರುತ್ತದೆ. ಬಳಸುವವರೆಗೆ ತಣ್ಣಗಿನ ಕೋಣೆಯಲ್ಲಿಡಬೇಕು, ಇಲ್ಲದಿದ್ದರೆ ರಾಳ ಗಟ್ಟಿಯಾಗುತ್ತದೆ. ಈ ಬಟ್ಟೆಯನ್ನು ಉದ್ದನೆಯ ಮೂರುಮೂಲೆ ಬಾವುಟದ ಹಾಗೆ ಕತ್ತರಿಸಿ, ತುದಿಗೆ ಸಣ್ಣಗಾಗುತ್ತಾ ಹೋಗುವ ಉಕ್ಕಿನ ಸಲಾಕೆಗೆ ಅದರ ಅಂಚನ್ನು ಬಿಸಿಮಾಡಿ ಅಂಟಿಸುತ್ತಾರೆ. ಆಮೇಲೆ ಎರಡು ಹಲಗೆಗಳ ನಡುವೆ ಒತ್ತಿ ಒಂದೇ ಉರುಳು. ಬಟ್ಟೆ ಸಲಾಕೆಯ ಸುತ್ತ ಬಿಗಿಯಾಗಿ ಕೂರುತ್ತದೆ. ಅದರ ಮೇಲೆ ಟೇಪು ಸುತ್ತಿ ಒಲೆಯಲ್ಲಿ ನೇತುಹಾಕಿ ಬೇಯಿಸುತ್ತಾರೆ. ಬೆಂದ ಮೇಲೆ ಸಲಾಕೆ ಎಳೆದುಕೊಂಡು ಟೇಪು ಬಿಚ್ಚಿದರೆ ಉಳಿಯುವುದು ಟೊಳ್ಳು ಕೋಲು, ಮೈತುಂಬ ಟೇಪಿನ ಸಣ್ಣ ಸಣ್ಣ ಏಣುಗಳು. ಕೆಲವರು ಅದನ್ನು ಉಜ್ಜಿ ನುಣುಪು ಮಾಡುತ್ತಾರೆ, ಕೆಲವರು ಹಾಗೇ ಬಿಡುತ್ತಾರೆ. ಕೊನೆಗೆ ದಾರ ಹಾಯುವ ಉಂಗುರಗಳು. ಒಂಬತ್ತಡಿಗೆ ಹತ್ತರ ಹತ್ತಿರ ಬೇಕು. ಒಂದೊಂದನ್ನೂ ನೂಲು ಸುತ್ತಿ ಕಟ್ಟಿ, ಮೇಲೆ ಎಪಾಕ್ಸಿ ಹಚ್ಚಿ, ಅದು ಒಂದೇ ಕಡೆ ಇಳಿದು ಗಂಟಾಗದಂತೆ ಆರುವವರೆಗೂ ಕೋಲನ್ನು ಮೋಟಾರಿನ ಮೇಲೆ ನಿಧಾನಕ್ಕೆ ತಿರುಗಿಸುತ್ತಿರಬೇಕು. ನೂಲು ಸುತ್ತುವುದು ಇವತ್ತಿಗೂ ಕೈಕೆಲಸ. ದುಬಾರಿ ಕೋಲಿನ ಉಂಗುರದ ಬುಡವನ್ನು ಭೂತಗನ್ನಡಿ ಹಿಡಿದು ನೋಡಿದರೂ ನೂಲಿನ ಎಳೆ ಒಂದರ ಮೇಲೊಂದು ಹತ್ತಿರುವುದಿಲ್ಲ. ಅಗ್ಗದ ಕೋಲಿನಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಕಾಣುತ್ತದೆ. ಮೀನಿಗೆ ಇವೆರಡೂ ಒಂದೇ.

ಸೇಜ್ ಕಂಪನಿ ಈ ಕೆಲಸವನ್ನು ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಮಾಡಿಸುತ್ತದೆ, ವಿನ್‌ಸ್ಟನ್ ಕಂಪನಿ ಮೊಂಟಾನಾದ ಟ್ವಿನ್ ಬ್ರಿಜಸ್ ಎಂಬ ಪುಟ್ಟ ಊರಿನಲ್ಲಿ, 1856ರಿಂದ ವ್ಯಾಪಾರ ಮಾಡುತ್ತಿರುವ ಆರ್ವಿಸ್ ವರ್ಮಾಂಟಿನ ಮ್ಯಾಂಚೆಸ್ಟರಿನಲ್ಲಿ. ಅಲ್ಲಿ ಅಮೆರಿಕದ ಕೂಲಿ. ಅಗ್ಗದ ಕೋಲುಗಳು ಬಹುಪಾಲು ಕೊರಿಯಾ, ಚೀನಾಗಳಿಂದ ಬರುತ್ತವೆ. ಅಲ್ಲಿಯವರಿಗೆ ಕೆಲಸ ಬರುವುದಿಲ್ಲ ಅಂತ ಮೂಗೆಳೆಯುವವರಿದ್ದಾರೆ, ಅದು ಬರಿಯ ಜಂಬ. ಬಟ್ಟೆ, ಸಲಾಕೆ, ಒಲೆ ಎಲ್ಲ ಕಡೆ ಒಂದೇ. ವ್ಯತ್ಯಾಸವಿರುವುದು ಯಾವ ನಾರನ್ನು ಎಲ್ಲಿ, ಎಷ್ಟು ಸುತ್ತಬೇಕು ಎಂಬ ವಿನ್ಯಾಸದಲ್ಲಿ, ಮತ್ತು ರಾಳದಲ್ಲಿ. ಬಿಗಿ ಹೆಚ್ಚಿರುವ ನಾರು ಕೋಲನ್ನು ಹಗುರ ಮಾಡುತ್ತದೆ, ಆದರೆ ಅದು ಬೇಗ ಸಿಡಿಯುತ್ತದೆ. 2010ರ ಸುಮಾರಿಗೆ ಇಂಗ್ಲೆಂಡಿನ ಹಾರ್ಡಿ ಕಂಪನಿ ಸಿಲಿಕಾದ ಅತಿಸೂಕ್ಷ್ಮ ಕಣಗಳನ್ನು ಬೆರೆಸಿದ ತ್ರೀ-ಎಂ ಕಂಪನಿಯ ರಾಳ ಬಳಸಿದ್ದು ಈ ಸಿಡಿಯುವ ಗುಣವನ್ನು ತಗ್ಗಿಸುವುದಕ್ಕೆ. ಇಂಥ ಪ್ರಯೋಗಗಳ ಖರ್ಚನ್ನು ಮೊದಲು ಹೊರುವವನು ದುಬಾರಿ ಕೋಲು ಕೊಳ್ಳುವವನೇ. ನಾಲ್ಕೈದು ವರ್ಷ ಕಳೆದ ಮೇಲೆ ಅದೇ ವಿದ್ಯೆ ಅಗ್ಗದ ಕೋಲಿಗೂ ಇಳಿಯುತ್ತದೆ.

ಇಷ್ಟಾದರೂ ಎಂಟುನೂರು ಡಾಲರಿನ ಲೆಕ್ಕ ಮುಗಿಯಲಿಲ್ಲ. ಮಿಕ್ಕದ್ದರಲ್ಲಿ ಒಂದು ಪಾಲು ನುಂಗುವುದು ಗ್ಯಾರಂಟಿ. 1980ರ ದಶಕದ ಕೊನೆಗೆ ಆರ್ವಿಸ್ ಕಂಪನಿ ತನ್ನ ಕೋಲಿಗೆ 25 ವರ್ಷದ ಗ್ಯಾರಂಟಿ ಕೊಟ್ಟಿತು. ಹೇಗೆ ಮುರಿದರೂ ಸರಿ, ತಪ್ಪು ಯಾರದ್ದಾದರೂ ಸರಿ, ರಿಪೇರಿ ಮಾಡಿ ಕೊಡುತ್ತೇವೆ ಅಂತ. ಬೇರೆ ಕಂಪನಿಗಳಿಗೆ ಉಳಿದ ದಾರಿಯೇನು, ಅವೂ ಆಜೀವ ಗ್ಯಾರಂಟಿ ಅಂತ ಕೊಡತೊಡಗಿದವು. ಈಗ ಕೋಲು ಹೇಗೆ ಮುರಿಯುತ್ತದೆ ಕೇಳಿ. ಮೀನು ಎಳೆದು ಮುರಿದದ್ದು ಅಪರೂಪ, ಯಾಕೆಂದರೆ ಕೊನೆಯಲ್ಲಿ ಕಟ್ಟುವ ತೆಳು ದಾರ ಎರಡು ಕಿಲೋ ಎಳೆತಕ್ಕೇ ತುಂಡಾಗುತ್ತದೆ, ಕೋಲಿನವರೆಗೆ ಪ್ರಸಂಗ ಬರುವುದೇ ಇಲ್ಲ. ಕಾರಿನ ಬಾಗಿಲಿಗೆ ಸಿಕ್ಕಿ ಮುರಿಯುತ್ತದೆ. ಮನೆಯೊಳಗೆ ಜೋಡಿಸಿ ನೋಡುವಾಗ ತಿರುಗುವ ಫ್ಯಾನಿಗೆ ಸಿಕ್ಕಿ ಮುರಿಯುತ್ತದೆ. ದಡದ ಕಲ್ಲಿನ ಮೇಲೆ ಕಾಲು ಜಾರಿದಾಗ ಮುರಿಯುತ್ತದೆ. ಭಾರದ ಮಣಿ ಕಟ್ಟಿದ ಹುಳ ಹಾರಿ ಬಂದು ಕೋಲಿಗೆ ಬಡಿದರೆ ಕಣ್ಣಿಗೆ ಕಾಣದ ಗಾಯವಾಗಿ, ಇನ್ನೊಂದು ದಿನ ಬೀಸುವಾಗ ಪಟಕ್ಕನೆ ಹೋಗುತ್ತದೆ. ಇವೆಲ್ಲವನ್ನೂ ಕಂಪನಿ ಸಣ್ಣದೊಂದು ಶುಲ್ಕ ತೆಗೆದುಕೊಂಡು ಸರಿಮಾಡಿ ಕೊಡುತ್ತದೆ. ಆ ಖರ್ಚು ಆಕಾಶದಿಂದ ಬರುವುದಿಲ್ಲವಲ್ಲ? ಮೊದಲ ದಿನವೇ ಎಲ್ಲರ ಕೋಲಿನ ಬೆಲೆಯಲ್ಲಿ ಸೇರಿಸಿಟ್ಟಿರುತ್ತಾರೆ. ಕೋಲನ್ನು ಕೊಳವೆಯಲ್ಲಿ ಹಾಕಿ ಜೋಪಾನವಾಗಿ ಇಟ್ಟುಕೊಳ್ಳುವವನು ಕಾರಿನ ಬಾಗಿಲು ಹಾಕುವವನ ಸಾಲ ತೀರಿಸುತ್ತಿರುತ್ತಾನೆ. ನನ್ನ ಮಟ್ಟಿಗೆ ದುಬಾರಿ ಕೋಲಿನ ಬೆಲೆಯಲ್ಲಿ ಒಂದು ಪಾಲಾದರೂ ವಿಮೆಯ ಕಂತು. ಎಡವಟ್ಟು ಕೈಯವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು, ವಿಮಾನದಲ್ಲಿ ಕೋಲು ಹೊತ್ತು ತಿರುಗುವವರು ಈ ಕಂತು ಕಟ್ಟುವುದರಲ್ಲಿ ಅರ್ಥವಿದೆ. ಮಿಕ್ಕವರು ಯೋಚನೆ ಮಾಡಬೇಕು. ಆದರೆ ಇನ್ನೂ ಒಂದು ಮಾತು ಸೇರಿಸಬೇಕು. ಅಗ್ಗದ ಕೋಲಿನ ಕಂಪನಿಗಳೂ ಈಗ ಇಂಥ ಗ್ಯಾರಂಟಿ ಕೊಡುತ್ತವೆ, ಆದ್ದರಿಂದ ಈ ಒಂದು ಕಾರಣಕ್ಕಾಗಿಯೇ ಸಾವಿರ ಡಾಲರು ಕೊಡುವುದು ದಡ್ಡತನ.

ಹಾಗಾದರೆ ಬೀಸಿದಾಗ ಏನಾಗುತ್ತದೆ? ನನ್ನ ಸೋದರಳಿಯ ಆರೆಗನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿದ್ದಾನೆ, ಸಾಫ್ಟ್‌ವೇರಿನವನು. ಡೆಶೂಟ್ಸ್ ನದಿಗೆ ಹೋಗಿ ಟ್ರೌಟ್ ಹಿಡಿದು ಮತ್ತೆ ಬಿಟ್ಟು ಬರುವುದು ಅವನ ಭಾನುವಾರದ ವ್ರತ. ಅವನ ಹತ್ತಿರ ಎರಡು ಕೋಲಿದ್ದವು, ಎರಡೂ ಒಂಬತ್ತಡಿ, ಎರಡೂ ಐದನೇ ನಂಬರಿನ ದಾರಕ್ಕೆ ಮಾಡಿದವು. ಒಂದು ಕಲಿಯುವಾಗ ಕೊಂಡ ಅಗ್ಗದ್ದು, ಇನ್ನೊಂದು ಬೋನಸ್ಸಿನಲ್ಲಿ ಕೊಂಡದ್ದು. ಕಂಪನಿಯ ಹೆಸರು ಕಾಣದ ಹಾಗೆ ಎರಡರ ಬುಡಕ್ಕೂ ಕಪ್ಪು ಇನ್ಸುಲೇಷನ್ ಟೇಪು ಸುತ್ತಿ, ಒಂದೇ ರೀಲು ಒಂದೇ ದಾರವನ್ನು ಬದಲಿಸಿ ಬದಲಿಸಿ ಹಾಕಿ, ಪಾರ್ಕಿನ ಹುಲ್ಲಿನ ಮೇಲೆ ನನ್ನ ಕೈಗೆ ಕೊಟ್ಟ. ಗುರಿಗೆ ಒಂದು ಊಟದ ತಟ್ಟೆ ಇಟ್ಟಿದ್ದ.

"ನೋಡಿ ಮಾವ, ಯಾವುದು ಯಾವುದು ಅಂತ ನೀವೇ ಹೇಳಿ."

ತಟ್ಟೆ 20 ಅಡಿ ದೂರದಲ್ಲಿದ್ದಾಗ ಒಂದು ಕೋಲು ತಾನಾಗಿಯೇ ಬಾಗಿ ದಾರವನ್ನು ಹಾಯಾಗಿ ಬಿಟ್ಟುಕೊಡುತ್ತಿತ್ತು, ಇನ್ನೊಂದು ಮರದ ಕೊರಡಿನ ಹಾಗೆ ಸೆಟೆದು ನಿಂತಿತ್ತು. ಹಾಯಾಗಿದ್ದದ್ದು ಅಗ್ಗದ ಕೋಲು. ದುಬಾರಿ ಕೋಲುಗಳಲ್ಲಿ ಬಹಳಷ್ಟನ್ನು ದೂರದ ಎಸೆತಕ್ಕೆಂದು ಬಿಗಿ ಮಾಡಿರುತ್ತಾರೆ, ಹೊರಗೆ ದಾರ ಸಾಕಷ್ಟು ಇಲ್ಲದಿದ್ದರೆ ಅವು ಬಾಗುವುದೇ ಇಲ್ಲ. 35, 40 ಅಡಿಗೆ ಎರಡೂ ಸರಿಸಮ, ತಟ್ಟೆಗೆ ಬಿದ್ದರೆ ಬಿತ್ತು, ತಪ್ಪಿದರೆ ನನ್ನ ಕೈ ತಪ್ಪಿದ್ದು. ತಟ್ಟೆಯನ್ನು 60 ಅಡಿಗೆ ಸರಿಸಿ, ಎದುರುಗಾಳಿಯೂ ಬೀಸತೊಡಗಿದ ಮೇಲೆ ಎರಡು ಕೋಲೂ ತಮ್ಮ ಬಣ್ಣ ತೋರಿಸಿದವು. ದುಬಾರಿ ಕೋಲನ್ನು ನಿಲ್ಲಿಸಿದರೆ ತುದಿಯೂ ಅಲ್ಲೇ ನಿಲ್ಲುತ್ತಿತ್ತು. ಅಗ್ಗದ್ದರಲ್ಲಿ ಕೈ ನಿಂತರೂ ತುದಿ ಇನ್ನೂ ನಡುಗುತ್ತಿತ್ತು, ಆ ನಡುಕ ದಾರಕ್ಕಿಳಿದು ಅಲೆ ಅಲೆಯಾಗಿ ಹೋಗಿ ಎಸೆತದ ಕಸುವನ್ನೆಲ್ಲ ತಿಂದುಬಿಡುತ್ತಿತ್ತು. ಹುಳ ತಟ್ಟೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಳುತ್ತಿತ್ತು. ಇದು ಮನಸ್ಸಿನ ಭ್ರಮೆಯಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಳಿಯನ ಮಗಳೂ ಬೆರಳು ಮಾಡಿ ತೋರಿಸಿದಳು, "ಅಜ್ಜ, ಇದರ ತುದಿ ಗಡಗಡ ಅಂತಿದೆ" ಅಂತ.

ಹಾಗಾಗಿ ವ್ಯತ್ಯಾಸ ಇಲ್ಲ ಅನ್ನುವವರ ಮಾತೂ ಸುಳ್ಳು, ದುಬಾರಿ ಕೋಲು ಹಿಡಿದರೆ ಮೀನು ಹೆಚ್ಚು ಬೀಳುತ್ತದೆ ಅನ್ನುವವರ ಮಾತೂ ಸುಳ್ಳು. ಟ್ರೌಟ್ ಹೊಳೆಯಲ್ಲಿ ಹೆಚ್ಚಿನ ಎಸೆತಗಳು 40 ಅಡಿಯೊಳಗೇ ಮುಗಿಯುತ್ತವೆ. ಆ ದೂರಕ್ಕೆ ಎರಡು ಕೋಲಿಗೂ ಜಗಳವೇ ಇಲ್ಲ. ನನ್ನ ಅಂದಾಜಿನಲ್ಲಿ ಇನ್ನೂರರ ಕೋಲಿನಿಂದ ನಾನೂರರ ಕೋಲಿಗೆ ಹೋದರೆ ಕೈಗೆ ಎದ್ದು ಕಾಣುವ ಲಾಭವಿದೆ. ನಾನೂರರಿಂದ ಸಾವಿರಕ್ಕೆ ಹೋದರೆ ಸಿಗುವುದು ಬಹಳ ಕಮ್ಮಿ, ಅದನ್ನು ಬಳಸಿಕೊಳ್ಳಬಲ್ಲ ಕೈಗಳೂ ಕಮ್ಮಿ.

ಆ ಕೈಗಳು ಯಾವುವು ಅಂದರೆ, ಒಂದು ಸಮುದ್ರದವರದು. ಫ್ಲಾರಿಡಾದ ದ್ವೀಪಗಳಲ್ಲಿ, ಬಹಾಮಾದಲ್ಲಿ, ಮೊಣಕಾಲುದ್ದದ ಉಪ್ಪುನೀರಿನಲ್ಲಿ ಬೋನ್‌ಫಿಶ್ ಎಂಬ ಮೀನನ್ನು ಕಣ್ಣಿಂದ ಹುಡುಕಿ ಹಿಡಿಯುತ್ತಾರೆ. ಗಾಳಿ ಬಿಡುವುದೇ ಇಲ್ಲ. ಮೀನು ಕಂಡ ಮೇಲೆ ಕೆಲವೇ ಕ್ಷಣ, ಅಷ್ಟರಲ್ಲಿ 60 ಅಡಿ ದೂರಕ್ಕೆ, ಅದರ ಮೂಗಿನ ಮುಂದೆ ಹುಳ ಬೀಳಬೇಕು. ಸದ್ದಾದರೆ ಹೋಯಿತು. ಅಂಥಲ್ಲಿಗೆ ವಿಮಾನ, ದೋಣಿ, ಗೈಡು ಅಂತ ಲಕ್ಷಗಟ್ಟಲೆ ಸುರಿದು ಹೋದವನು ಕೋಲಿನಲ್ಲಿ ಜಿಪುಣತನ ಮಾಡಬಾರದು. ಇನ್ನೊಂದು, ಬೆಳಗಿನಿಂದ ಸಂಜೆಯವರೆಗೆ ಬೀಸುವುದೇ ಕಸುಬಾದ ಗೈಡುಗಳು. ಮತ್ತೊಂದು, ಭುಜ ನೋವಿನವರು, ವಯಸ್ಸಾದವರು. ಇವರಿಗೆ ತುದಿಯ ಒಂದೊಂದು ಗ್ರಾಂ ಇಳಿದಷ್ಟೂ ಲಾಭ.

ಮಿಕ್ಕವರಿಗೆ ಕೈ ತಿದ್ದಿಕೊಳ್ಳುವುದು ಕೋಲಿಗಿಂತ ಅಗ್ಗ. ಜೋನ್ ವುಲ್ಫ್ ಎಂಬ ಹೆಂಗಸು 1951ರಲ್ಲಿ, ಎದುರಾಳಿಗಳೆಲ್ಲ ಗಂಡಸರೇ ಆಗಿದ್ದ ದೂರ ಎಸೆತದ ಸ್ಪರ್ಧೆಯಲ್ಲಿ ಗೆದ್ದಳು. 1960ರಲ್ಲಿ 161 ಅಡಿ ಎಸೆದಳು. ಆಗಿನ್ನೂ ಕಾರ್ಬನ್ ಕೋಲು ಹುಟ್ಟಿರಲಿಲ್ಲ. ಆಮೇಲೆ ಗಂಡನ ಜೊತೆ ನ್ಯೂಯಾರ್ಕ್ ರಾಜ್ಯದ ಬೀವರ್‌ಕಿಲ್ ನದಿಯ ದಡದಲ್ಲಿ ಶಾಲೆ ತೆರೆದು ಸಾವಿರಾರು ಜನಕ್ಕೆ ಕಲಿಸಿದಳು. ಗಂಡ ಲೀ ವುಲ್ಫ್ ಇನ್ನೂ ಒಂದು ಹೆಜ್ಜೆ ಮುಂದೆ. ಕೋಲು ಮುಖ್ಯವೇ ಅಲ್ಲ ಅಂತ ಸಾಧಿಸುವುದಕ್ಕೆ, ಕೋಲೇ ಇಲ್ಲದೆ ಬರಿಗೈಯಲ್ಲಿ ದಾರ ಬೀಸಿ ಸಾಲ್ಮನ್ ಹಿಡಿದು ತೋರಿಸಿದವನು. ಪೆಟಗೋನಿಯಾ ಬಟ್ಟೆ ಕಂಪನಿ ಕಟ್ಟಿದ ಈವಾನ್ ಶ್ವಿನಾರ್ ಸಾವಿರ ಡಾಲರಿನ ನೂರು ಕೋಲು ಕೊಳ್ಳಬಲ್ಲ ಮನುಷ್ಯ. ಆತ 2014ರಲ್ಲಿ ಇನ್ನಿಬ್ಬರ ಜೊತೆ ಸೇರಿ ಬರೆದ ಪುಸ್ತಕ ಟೆಂಕಾರಾ ಎಂಬ ಜಪಾನಿನ ಹಳೆಯ ಪದ್ಧತಿಯನ್ನು ಹೊಗಳುತ್ತದೆ. ಉದ್ದನೆಯ ಕೋಲಿನ ತುದಿಗೆ ನೇರವಾಗಿ ದಾರ ಕಟ್ಟುವುದು, ರೀಲೇ ಇಲ್ಲ. ನಮ್ಮ ಹೊಳೆಯ ಹುಡುಗರಿಗೆ ತೋರಿಸಿದರೆ ಇದರಲ್ಲಿ ಹೊಸದೇನು ಅಂತ ಕೇಳುತ್ತಾರೆ.

ಹೊಳೆಯ ಮಾತು ಬಂತು, ನಮ್ಮ ಹೊಳೆಗಳಿಗೂ ಗಾಳದ ಹಳೆಯ ಕಥೆಯಿದೆ. ಹೆನ್ರಿ ಸಲಿವನ್ ಥಾಮಸ್ ಎಂಬ ಸಿವಿಲ್ ಸರ್ವಿಸಿನ ಅಧಿಕಾರಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವನು. ಭಾರತದಲ್ಲಿ ಗಾಳ ಹಾಕುವವರಿಗೆಲ್ಲ ಮೂಲಗ್ರಂಥವಾದ ಅವನ 'ದಿ ರಾಡ್ ಇನ್ ಇಂಡಿಯಾ' ಅಚ್ಚಾದದ್ದು ಮಂಗಳೂರಿನಲ್ಲಿ, 1873ರಲ್ಲಿ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಸತ್ತ ಹುಲಿ, ಚಿರತೆಗಳನ್ನು ಜೀವಂತ ಇರುವ ಹಾಗೆ ನಿಲ್ಲಿಸುವುದರಲ್ಲಿ ಹೆಸರಾದವರು. ಆ ಮನೆತನದವರೊಬ್ಬರು 1946ರಲ್ಲಿ ನಮ್ಮ ಮೈಸೂರು ಸೀಮೆಯ ಹೊಳೆಯಲ್ಲಿ ಹಿಡಿದ ಮಹಶೀರ್ ಮೀನು 120 ಪೌಂಡು, ಅಂದರೆ 54 ಕಿಲೋ ಇತ್ತು. ಅದು ಫ್ಲೈ ಕೋಲಿಗೆ ಬಿದ್ದದ್ದಲ್ಲ, ನಿಜ. ಆದರೆ ಕಾರ್ಬನ್ ಇಲ್ಲದ ಕಾಲದ ಕೋಲು ಆ ದೈತ್ಯನನ್ನು ತಡೆದು ದಡಕ್ಕೆ ತಂದಿತ್ತು. ಈಗ ಬೆನ್ನ ಮೇಲೆ ಡುಬ್ಬವಿರುವ ಆ ಜಾತಿಯ ಮಹಶೀರೇ ಅಳಿವಿನ ಅಂಚಿಗೆ ಬಂದಿದೆ. ಕೋಲು ಹಗುರವಾಗುತ್ತಾ ಬಂತು, ಹೊಳೆಯ ಮೀನೂ ಹಗುರವಾಗುತ್ತಾ ಬಂತು. ಅದು ಇನ್ನೊಂದು ದಿನದ ಮಾತು.

ಕೊನೆಗೆ ದುಡ್ಡಿನ ವಿಷಯ. ಯಾರ ಮಕ್ಕಳಾದರೂ ಹೊರದೇಶದಲ್ಲಿದ್ದು ಈ ಹುಚ್ಚು ಹಿಡಿಸಿಕೊಂಡಿದ್ದರೆ ಹೀಗೆ ಹೇಳಿ. ನಡುಬೆಲೆಯ ಕೋಲು ಕೊಳ್ಳಲಿ. ದಾರವನ್ನು ಮಾತ್ರ ಒಳ್ಳೆಯದು ಕೊಳ್ಳಲಿ, ಯಾಕೆಂದರೆ ಗಾಳಿಯಲ್ಲಿ ಹಾರುವುದು ದಾರ. ಕೊಳೆ ಹತ್ತಿ ಬಿರುಕು ಬಿಟ್ಟ ದಾರ ಹಾಕಿದರೆ ಸಾವಿರ ಡಾಲರಿನ ಕೋಲೂ ಕೈಕಟ್ಟಿ ನಿಲ್ಲುತ್ತದೆ. ದಾರವನ್ನು ಆಗಾಗ ಸಾಬೂನು ನೀರಿನಲ್ಲಿ ಒರೆಸಿಟ್ಟುಕೊಂಡರೆ ಅದು ಇನ್ನಷ್ಟು ಕಾಲ ಬಾಳುತ್ತದೆ. ಉಳಿದ ದುಡ್ಡಿನಲ್ಲಿ ಬೀಸುವುದನ್ನು ಒಬ್ಬ ಒಳ್ಳೆಯ ಗುರುವಿನ ಹತ್ತಿರ ಕಲಿಯಲಿ. ಅಷ್ಟೆಲ್ಲ ಮಾಡಿಯೂ ಸಾವಿರದ ಕೋಲೇ ಬೇಕು, ಅದರ ಅಂದ ಚೆಂದ ಕಣ್ಣಿಗೆ ಕಟ್ಟಿದೆ ಅನ್ನಿಸಿದರೆ, ದುಡ್ಡು ತನ್ನದೇ ಆಗಿದ್ದರೆ, ಕೊಳ್ಳಲಿ. ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಆದರೆ ಹೊಸ ಮಾದರಿ ಬಂದ ವಾರವೇ ಕೊಳ್ಳಬೇಡ ಅನ್ನಿ. ಮೂರ್ನಾಲ್ಕು ವರ್ಷಕ್ಕೊಮ್ಮೆ ಕಂಪನಿಗಳು ಮಾದರಿ ಬದಲಿಸುತ್ತವೆ, ಬದಲಿಸಿದ ಕೂಡಲೇ ಹಳೆಯದರ ಬೆಲೆ ಬೀಳುತ್ತದೆ. ಹಳೆಯದು ಎಂದರೆ ಹೋದ ತಿಂಗಳವರೆಗೆ ಜಗತ್ತಿನಲ್ಲೇ ಶ್ರೇಷ್ಠ ಅಂತ ಅವರೇ ಹೇಳಿಕೊಳ್ಳುತ್ತಿದ್ದ ಕೋಲು. ಅಂಗಡಿಗೆ ಹೋಗುವಾಗ ತನ್ನ ರೀಲನ್ನೂ ದಾರವನ್ನೂ ತೆಗೆದುಕೊಂಡು ಹೋಗಲಿ. ಅಂಗಡಿಯವನು ಹೊರಗೆ ಕರೆದುಕೊಂಡು ಹೋಗಿ ತಾನೇ 80 ಅಡಿ ಬೀಸಿ ತೋರಿಸಿದರೆ ಅದು ಅವನ ಕೈಚಳಕ. ಕೋಲನ್ನು ಇಸಿದುಕೊಂಡು ತಾನು 30 ಅಡಿ ಬೀಸಿ ನೋಡಲಿ, ಅದರ ಪಕ್ಕದಲ್ಲೇ ಅರ್ಧ ಬೆಲೆಯ ಇನ್ನೊಂದನ್ನೂ ಬೀಸಿ ನೋಡಲಿ. ಹುಲ್ಲಿನ ಮೇಲೆ ಬೀಸಲು ಬಿಡುವುದಿಲ್ಲ, ನೋಡಿ ಕೊಂಡುಕೊಳ್ಳಿ ಅನ್ನುವ ಅಂಗಡಿಯಾದರೆ, ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಲಿ.